ಸುರುಳಿಯೊಳಗೆ ತೂರಿಸಿದ ಕೈ

ಚ್ಯೂಲಾನ್ ಮತ್ತು ಅವಳ ಗಂಡ ಹೈಫೆಂಗ್ ನಮ್ಮ ಕಟ್ಟಡದ ಮೂರನೇ ಮಹಡಿಯನ್ನು ಬಾಡಿಗೆಗೆ ಹಿಡಿದದ್ದು ಕಾಂಗ್ ಬಾವ್ಗುಯ್‌ನ ಕಾರ್ಖಾನೆಯನ್ನು ಬಿಟ್ಟ ಮೇಲೆ. ನಾನು ಎರಡನೇ ಮಹಡಿಯಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡಿಸುವವಳು. ನಮ್ಮ ಶಾಜಿಂಗ್ ಪಟ್ಟಣದಲ್ಲಿ ಆಗ ಯಾವ ಮೆಟ್ಟಿಲು ಹತ್ತಿದರೂ ಇ-ಸಿಗರೇಟಿನ ಯಾವುದೋ ಒಂದು ಭಾಗ ತಯಾರಾಗುತ್ತಿತ್ತು. ಒಂದು ಬಾಗಿಲಲ್ಲಿ ಬ್ಯಾಟರಿ, ಪಕ್ಕದ ಬಾಗಿಲಲ್ಲಿ ಕವಚ, ಅದರಾಚೆ ಮಾವಿನ ಹಣ್ಣಿನ ವಾಸನೆಯ ರಸ. ನಮ್ಮ ಬೀದಿಯ ನಾಯಿಗಳ ಮೈಗೂ ಪುದೀನ ವಾಸನೆ ಹತ್ತಿರುತ್ತಿತ್ತು.

ಚ್ಯೂಲಾನ್ ಮಾಡುತ್ತಿದ್ದದ್ದು ಬೇರೆ. ತಂಬಾಕಿನ ಸಣ್ಣ ಕಡ್ಡಿಯನ್ನು ಸುಡದೆ ಬರೀ ಕಾಯಿಸುವ ಉಪಕರಣ. ಬೇರೆಯವರು ಕಾದ ಅಲಗೊಂದನ್ನು ಕಡ್ಡಿಯೊಳಗೆ ಚುಚ್ಚುತ್ತಿದ್ದರು. ಆ ಅಲಗು ಮುರಿಯುತ್ತಿತ್ತು, ಅದಕ್ಕೆ ಮಸಿ ಮೆತ್ತುತ್ತಿತ್ತು. ಇವಳು ಅಲಗನ್ನೇ ತೆಗೆದುಹಾಕಿದ್ದಳು. ಕಡ್ಡಿಯ ಒಳಗೆ ಉಗುರಿನಷ್ಟು ತೆಳುವಾದ ಕಬ್ಬಿಣದ ಪಟ್ಟಿ, ಹೊರಗೆ ಸುತ್ತಲೂ ತಾಮ್ರದ ತಂತಿಯ ಸುರುಳಿ.

"ಸುರುಳಿ ಕಾಯಲ್ಲ ಯಾನ್ ಅಕ್ಕ," ಎಂದು ಒಮ್ಮೆ ತೋರಿಸಿದಳು. "ಅದರಲ್ಲಿ ಕರೆಂಟು ಆ ಕಡೆ ಈ ಕಡೆ ಓಡಾಡುತ್ತೆ ಅಷ್ಟೆ. ಮಧ್ಯದಲ್ಲಿರೋ ಕಬ್ಬಿಣ ತಾನಾಗೇ ಕೆಂಪಗಾಗುತ್ತೆ. ಯಾರೂ ಮುಟ್ಟೋದೇ ಇಲ್ಲ ಅದನ್ನ."

"ಬೆಂಕಿಕಡ್ಡಿ ಗೀರಿ ಹಚ್ಕೊಂಡ್ರೆ ಆಗ್ತಿರ್ಲಿಲ್ವಾ? ಇಷ್ಟೆಲ್ಲ ಯಾಕಮ್ಮಾ?"

"ಅಕ್ಕಾ, ನೀವು ಅಡುಗೆ ಮನೇಲಿ ಸೌದೆ ಇಡ್ತೀರಾ ಈಗ್ಲೂ?" ಎಂದು ನಕ್ಕಳು.

ಒಂದರ ಬದಲು ಎರಡು ಸುರುಳಿ ಇಟ್ಟದ್ದು ಅವಳದೇ ಯೋಚನೆ. ಮೊದಲು ಕಡ್ಡಿಯ ತುದಿಯ ಭಾಗ ಕಾಯಬೇಕು, ಅದು ಸಪ್ಪೆಯಾಗುವ ಹೊತ್ತಿಗೆ ಹಿಂದಿನ ಭಾಗ. ಹಾಗಾದಾಗ ಮೊದಲ ದಮ್ಮಿಗೆ ಕಾದು ಕೂರಬೇಕಿಲ್ಲ, ಕೊನೆಯದಕ್ಕೆ ಕಮಟು ಬರುವುದಿಲ್ಲ. ಎರಡು ಸುರುಳಿಗಳೂ ಒಂದಕ್ಕೊಂದು ಅಡ್ಡಬರದಂತೆ ಮಾಡುವುದಕ್ಕೆ ಒಂದು ಇಡೀ ಚಳಿಗಾಲ ಹಿಡಿಯಿತು.

ಗಂಡಹೆಂಡತಿ ಇಬ್ಬರೂ ಹತ್ತು ವರ್ಷ ಕಾಂಗ್‌ನ ಬಳಿ ದುಡಿದವರು. ಇಬ್ಬರೂ ದೂರದ ಹುಬೈ ಪ್ರಾಂತ್ಯದವರು, ಇಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವರ ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯನಾಗಿ ನಿಂತು ಮದ್ಯದ ಮೊದಲ ಬಟ್ಟಲು ಎತ್ತಿ ಹಾರೈಸಿದವನು ಕಾಂಗ್. ಹೈಫೆಂಗ್ ಉಂಗುರಗಳನ್ನು ಅಂಗಡಿಯಿಂದ ತಂದಿರಲಿಲ್ಲ. ಕಡ್ಡಿಯ ಪಟ್ಟಿ ಪರೀಕ್ಷೆಗೆಂದು ತರಿಸಿದ್ದ ಸ್ಟೀಲ್ ಸರಳಿನ ತುಂಡನ್ನು ಲೇತಿಗೆ ಹಿಡಿದು ತಾನೇ ಎರಡು ಉಂಗುರ ಕಡೆದಿದ್ದ. "ಚಿನ್ನ ಕೊಡಿಸೋ ಯೋಗ್ಯತೆ ಇಲ್ವೇನೋ ನಿಂಗೆ?" ಎಂದು ಕಾಂಗ್ ಪಂಕ್ತಿಯಲ್ಲೇ ರೇಗಿಸಿದ್ದ. ಎಲ್ಲರೂ ನಕ್ಕಿದ್ದರು, ಹೈಫೆಂಗ್ ಕೂಡ.

ಅವರು ಬಿಟ್ಟು ಹೋದದ್ದನ್ನು ಕಾಂಗ್ ಸಹಿಸಲಿಲ್ಲ. ಮೊದಲು ಬಾಗಿಲಿಗೆ ಕೆಂಪು ಬಣ್ಣ ಎರಚಿಸಿದ. ಆಮೇಲೆ ಯಾರೋ ಗಲ್ಲಿಯಲ್ಲಿ ಹೈಫೆಂಗ್‌ನನ್ನು ಸ್ಕೂಟರಿನಿಂದ ಕೆಡವಿ ತುಳಿದು ಹೋದರು. ಅವನು ಮುರಿದ ಪಕ್ಕೆಲುಬಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಮತ್ತೆ ಮೇಜಿಗೆ ಕೂತ. ಜಗ್ಗುವ ಜಾತಿಯಲ್ಲ ಅವನದು. ಬಾಯಿ ಬೇರೆ ಹರಿತ.

ಡ್ರ್ಯಾಗನ್ ದೋಣಿ ಹಬ್ಬದ ರಜೆಯಲ್ಲಿ ಅವರಲ್ಲಿ ಕೆಲಸಕ್ಕಿದ್ದ ಹುಡುಗಿಯರು ಊರಿಗೆ ಹೋಗಿದ್ದರು. ನನಗೆ ತುರ್ತು ಕೆಲಸವೊಂದಿತ್ತು, ಅದಕ್ಕೆ ಯಂತ್ರಗಳು ಓಡುತ್ತಿದ್ದವು. ಮಧ್ಯಾಹ್ನದ ಊಟ ಮುಗಿದು ಕಟ್ಟಡವೆಲ್ಲ ನಿದ್ದೆಯಲ್ಲಿದ್ದ ಹೊತ್ತು. ಕಾಂಗ್ ಮೂವರನ್ನು ಕರೆದುಕೊಂಡು ಬಂದ. ಇಬ್ಬರು ಬಾಡಿಗೆಯ ದಾಂಡಿಗರು, ಒಬ್ಬ ಬೋಳುತಲೆಯವನು, ಇನ್ನೊಬ್ಬನ ತೋಳಿನ ಮೇಲೆ ಮೀನಿನ ಹಚ್ಚೆ. ಮೂರನೆಯವನು ಗು ಮೇಸ್ತ್ರಿ. ಕಾಂಗ್‌ನ ಕಾರ್ಖಾನೆಯ ಹಳೆಯ ಆಳು, ಹೈಫೆಂಗ್‌ಗೆ ಬೆಸುಗೆ ಕಲಿಸಿದವನು. ಸಾಮಾನು ಗುರುತು ಹಿಡಿಯಲು ಅವನು ಬೇಕಿತ್ತು. ಮುಂದಿನದನ್ನು ಚ್ಯೂಲಾನ್ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಪ್ರತಿ ಸಲವೂ ಹಾಗೆಯೇ, ಒಂದು ಮಾತೂ ಹೆಚ್ಚುಕಡಿಮೆ ಇಲ್ಲದೆ.

"ಊಟ ಆಯ್ತಾ ತಂಗಿ?" ಎಂದ ಕಾಂಗ್ ಒಳಗೆ ಬರುತ್ತಲೇ.

"ಆಯ್ತು ಧಣಿ. ಏನ್ ಬಂದ್ರಿ?"

"ನನ್ ಸಾಮಾನು ತಗೊಂಡ್ ಹೋಗೋಣ ಅಂತ."

"ನಿಮ್ದು ಇಲ್ಲೇನೂ ಇಲ್ಲ."

"ನಿನ್ ತಲೇಲಿರೋದೆಲ್ಲ ನಂದೇ ಕಣಮ್ಮಾ. ಹತ್ತು ವರ್ಷ ಅನ್ನ ಹಾಕಿ ತುಂಬ್ಸಿದೋನು ನಾನು."

ಮಡಚುವ ಮಂಚದ ಮೇಲೆ ಹೈಫೆಂಗ್ ಮಲಗಿದ್ದ. ಬೋಳುತಲೆಯವನು ಮಂಚವನ್ನು ಒದ್ದ. ಹೈಫೆಂಗ್ ನೆಲಕ್ಕೆ ಬಿದ್ದವನೇ ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಅವನ ಮುಖಕ್ಕೆ ಬೀಸಿದ. ಮೂಗು ಚಟ್ ಎಂದಿತು. ಹಚ್ಚೆಯವನು ಅಂಗಿಯೊಳಗೆ ಮುಚ್ಚಿಟ್ಟುಕೊಂಡಿದ್ದ ಕಬ್ಬಿಣದ ಕೊಳವೆಯಿಂದ ಹೈಫೆಂಗ್‌ನ ಮೊಣಕಾಲಿಗೆ ಹೊಡೆದ, ಬಗ್ಗಿದಾಗ ಬೆನ್ನಿಗೆ ಹೊಡೆದ, ಬಿದ್ದಾಗ ಕಿವಿಯ ಮೇಲೆ ಒದ್ದ. ಚ್ಯೂಲಾನ್ ನುಗ್ಗಿದಳು. ಬೋಳುತಲೆಯವನು ಒಂದು ಕೈಯಲ್ಲಿ ರಕ್ತ ಸುರಿಯುವ ಮೂಗನ್ನು, ಇನ್ನೊಂದರಲ್ಲಿ ಅವಳ ಕೂದಲನ್ನು ಹಿಡಿದು ಗೋಡೆಗೆ ಒತ್ತಿದ.

ಕಾಂಗ್ ಮೇಜಿನ ಮೇಲಿದ್ದ ಮಾದರಿಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿ ಬೂಟಿನ ಹಿಮ್ಮಡಿಯಲ್ಲಿ ಹೊಸಕಿದ. ಒಂದನ್ನು ಮಾತ್ರ ಜೇಬಿಗಿಳಿಸಿದ.

"ಎರಡು ಸುರುಳಿ ನಡೆಸೋ ಪ್ರೋಗ್ರಾಂ ಎಲ್ಲಿ?"

"ಡ್ರಾಯರ್‌ನಲ್ಲಿದೆ. ನೀಲಿ ಪೆನ್‌ಡ್ರೈವ್. ತಗೊಳ್ಳಿ, ಎಲ್ಲ ತಗೊಳ್ಳಿ. ಅವನನ್ನ ಬಿಡಿ."

ತೆಗೆದುಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಬಂದದ್ದು ಅದಕ್ಕೆ, ಅದು ಸಿಕ್ಕಿತ್ತು. ಅವನು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಗ ನೆಲದ ಮೇಲೆ ಬಿದ್ದಿದ್ದ ಹೈಫೆಂಗ್ ಬಾಯಿಯ ರಕ್ತವನ್ನು ಅವನ ಪ್ಯಾಂಟಿನ ಮೇಲೆ ಉಗಿದ.

"ಹೋಗು, ತಗೊಂಡ್ ಹೋಗು. ಅದನ್ನ ಓದೋಕೆ ಬರೋನು ಒಬ್ನಾದ್ರೂ ಇದಾನಾ ನಿನ್ ಹತ್ರ? ಇದ್ದೋರು ನಾವಿಬ್ರೇ. ನಿಂಗೆ ಏನೋ ಬರುತ್ತೆ? ಬಟ್ಟಲು ಎತ್ತೋದು ಬರುತ್ತೆ."

ಕಾಂಗ್ ನಿಂತ. ಅವನ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಅದು. ಅವನು ಕಡಲ ಸಿಂಪಿ ಮಾರುವವರ ಮಗ, ಸ್ಕ್ರೂ ಬಿಗಿಯುವುದೂ ತಿಳಿಯದೆ ಇಷ್ಟು ದೊಡ್ಡವನಾಗಿದ್ದ. ಗು ಮೇಸ್ತ್ರಿಯ ಎದುರು, ಬಾಡಿಗೆಯ ದಾಂಡಿಗರ ಎದುರು ಅದು ಹೊರಗೆ ಬಿದ್ದಿತ್ತು. ಅವನು ಬಗ್ಗಿ ಹೈಫೆಂಗ್‌ನ ಎಡಗೈಯನ್ನು ಎತ್ತಿ ನೋಡಿದ.

"ಇನ್ನೂ ಅದೇ ಉಂಗುರಾನಾ?" ಎಂದ. ಬಹಳ ಮೆತ್ತಗೆ ಎಂದನಂತೆ. "ಮೇಸ್ತ್ರಿ, ಯಂತ್ರ ಹಾಕು."

ಮೂಲೆಯಲ್ಲಿ ಕೊಳವೆ ಬೆಸೆಯುವ ಹಳೆಯ ಯಂತ್ರವಿತ್ತು. ಉಪಕರಣದೊಳಗಿನ ಸುರುಳಿ ಬೆರಳ ಗಾತ್ರದ್ದಾದರೆ ಇದರದ್ದು ಮುಷ್ಟಿ ಹೋಗುವಷ್ಟು ಅಗಲ, ತಾಮ್ರದ ಕೊಳವೆಯಲ್ಲೇ ಮಾಡಿದ್ದು, ಒಳಗೆ ತಂಪು ನೀರು ಓಡುವಂಥದ್ದು. ಕಾಲಿನಲ್ಲಿ ಪೆಡಲ್ ಒತ್ತಿದರೆ ಮಧ್ಯೆ ಹಿಡಿದ ಕಬ್ಬಿಣ ನೋಡನೋಡುತ್ತಲೇ ಕೆಂಪಾಗುತ್ತದೆ.

"ಧಣಿ, ಬೇಡ," ಎಂದ ಗು ಮೇಸ್ತ್ರಿ.

"ಹಾಕು ಅಂದೆ."

ಗು ಮೇಸ್ತ್ರಿ ಹೋಗಿ ಮೊದಲು ನೀರಿನ ಪಂಪು ಹಾಕಿದ. ಸುರುಳಿ ಸುಟ್ಟುಹೋಗದಿರಲಿ ಎಂದು ಎಲ್ಲರೂ ಮೊದಲು ಮಾಡುವ ಕೆಲಸ ಅದು. ಉಳಿದೆಲ್ಲ ಹೇಳಿ ಮುಗಿಸಿದ ಮೇಲೂ ಚ್ಯೂಲಾನ್ ಮತ್ತೆ ಅಲ್ಲಿಗೇ ಬರುತ್ತಾಳೆ. "ಪಂಪು ಹಾಕ್ದ ಅಕ್ಕ. ಸುರುಳಿ ಕೆಡಬಾರದು ಅಂತ."

ಹಚ್ಚೆಯವನು ಹೈಫೆಂಗ್‌ನ ಬೆನ್ನ ಮೇಲೆ ಮಂಡಿಯೂರಿ ಮುಂಗೈ ಹಿಡಿದು ತಾಮ್ರದ ಬಳೆಗಳೊಳಗೆ ತೂರಿಸಿದ. ಬೆರಳು ಮಡಚದಂತೆ ಕಾಂಗ್ ತಾನೇ ಮರದ ಪಟ್ಟಿಯಿಂದ ಒತ್ತಿಹಿಡಿದ. "ಒತ್ತು," ಎಂದ. ಗು ಮೇಸ್ತ್ರಿ ಒತ್ತಿದ.

ಯಂತ್ರ ಗುಂಯ್ ಎಂದಿತು. ಸುರುಳಿ ತಣ್ಣಗೇ ಇತ್ತು, ಮೇಜು ತಣ್ಣಗಿತ್ತು, ಹಿಡಿದವರ ಕೈಗಳಿಗೆ ಏನೂ ತಾಗಲಿಲ್ಲ. ಉಂಗುರ ಮಾತ್ರ ಮೊದಲು ಕಂದಿತು, ಆಮೇಲೆ ಕೆಂಪಗಾಯಿತು. ಹೈಫೆಂಗ್ ಕೂಗಿದ್ದು ಮನುಷ್ಯನ ದನಿಯಾಗಿರಲಿಲ್ಲ. ಚರ್ಮ ಚುರುಗುಟ್ಟಿ ಬಿರಿಯಿತು, ಕೊಬ್ಬಿನ ಹೊಗೆ ಎದ್ದಿತು. "ಸಾಕು ಧಣಿ, ಸಾಕು," ಎನ್ನುತ್ತಲೇ ಗು ಮೇಸ್ತ್ರಿ ಪೆಡಲ್ ಮೇಲಿಂದ ಕಾಲು ತೆಗೆಯಲಿಲ್ಲ. ಕಾಂಗ್ ಬಿಡು ಎಂದಿರಲಿಲ್ಲ.

ಚ್ಯೂಲಾನ್ ತನ್ನನ್ನು ಹಿಡಿದಿದ್ದವನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ ಮೂಳೆ ಸಿಗುವ ತನಕ ಕಚ್ಚಿದಳು. ಅವನು ಕೈ ಬಿಟ್ಟ. ಕೂದಲಿನ ಗೊಂಚಲೊಂದು ಅವನ ಮುಷ್ಟಿಯಲ್ಲೇ ಉಳಿಯಿತು. ಅವಳು ಗಂಡನ ಕಡೆ ಓಡಲಿಲ್ಲ. ಬಾಗಿಲ ಪಕ್ಕದ ಮೇನ್ ಸ್ವಿಚ್ ಕಡೆ ಓಡಿ ಎರಡೂ ಕೈಯಲ್ಲಿ ಅದನ್ನು ಕೆಳಗೆಳೆದಳು.

ನಮ್ಮ ಮಹಡಿಗೂ ಅದೇ ಸ್ವಿಚ್ಚಿನಿಂದ ಕರೆಂಟು. ನನ್ನ ಯಂತ್ರಗಳು ನಿಂತವು, ಫ್ಯಾನ್ ನಿಂತಿತು. ಆ ಸದ್ದಡಗಿದ ಮೇಲೆ ಮೇಲಿನ ಕೂಗು ಕೇಳಿಸಿತು. ಅಚ್ಚು ಬಡಿಯುವ ಹಿತ್ತಾಳೆ ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತಿದೆ. ಅರ್ಧದಲ್ಲಿ ಅವರು ಇಳಿದು ಬರುತ್ತಿದ್ದರು. ಕಾಂಗ್ ಕರವಸ್ತ್ರದಿಂದ ಪ್ಯಾಂಟು ಒರೆಸಿಕೊಳ್ಳುತ್ತಿದ್ದ.

"ಕೆಲ್ಸ ಮಾಡ್ತಾ ಕೈ ಸುಟ್ಕೊಂಡ ಯಾನ್ ಅಕ್ಕ. ಆಂಬುಲೆನ್ಸ್ ಕರೀರಿ," ಎಂದ. ಕೊನೆಯಲ್ಲಿದ್ದ ಗು ಮೇಸ್ತ್ರಿ ನನ್ನ ಮುಖ ನೋಡಲಿಲ್ಲ.

ಒಳಗೆ ಚ್ಯೂಲಾನ್ ಗಂಡನ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಹಿಡಿದುಕೊಂಡಿದ್ದಳು. ಅವನು ಎಚ್ಚರ ತಪ್ಪಿದ್ದ. ಉಂಗುರ ಕಪ್ಪಾಗಿ, ಮಾಂಸದೊಳಕ್ಕೆ ಇಳಿದು ಮೂಳೆಗೆ ಕಚ್ಚಿಕೊಂಡಿತ್ತು. ಆಸ್ಪತ್ರೆಯಲ್ಲಿ ಆ ಬೆರಳನ್ನೂ ಪಕ್ಕದ ಕಿರುಬೆರಳನ್ನೂ ತೆಗೆದರು.

ಪೊಲೀಸರು ಬಂದರು, ಕೇಳಿದರು. ಕಾಂಗ್ ಕಡೆಯ ನಾಲ್ಕೂ ಜನರ ಹೇಳಿಕೆ ಒಂದೇ ಆಗಿತ್ತು. ಸಾಮಾನು ವಾಪಸ್ ಕೇಳಲು ಹೋದೆವು, ಅವನೇ ಸ್ಪ್ಯಾನರಿನಿಂದ ಹೊಡೆದ, ಕಿತ್ತಾಟದಲ್ಲಿ ಅವನೇ ಯಂತ್ರದ ಮೇಲೆ ಬಿದ್ದ. ಬೋಳುತಲೆಯವನ ಮೂಗು ನಿಜವಾಗಿಯೂ ಒಡೆದಿತ್ತು. ಇವರ ಕಡೆ ಗಂಡಹೆಂಡತಿಯ ಮಾತು ಮಾತ್ರ. ನಾನು ಕಂಡದ್ದು ಅವರು ಮೆಟ್ಟಿಲು ಇಳಿದದ್ದಷ್ಟೇ. ಯಾರನ್ನೂ ಹಿಡಿಯಲಿಲ್ಲ.

ಕಾಂಗ್ ಆಸ್ಪತ್ರೆಗೆ ಲಿಚಿ ಹಣ್ಣಿನ ಬುಟ್ಟಿ ಕಳಿಸಿದ. ಹೈಫೆಂಗ್ ಬಲಗೈಯಿಂದ ಅದನ್ನು ತಂದವನ ಎದೆಗೇ ಎಸೆದ. ಹಣ್ಣುಗಳು ವಾರ್ಡಿನ ತುಂಬ ಉರುಳಿದವು. ಆಮೇಲೆ ಗೋಡೆ ನೋಡುತ್ತ ಮಲಗಿರುತ್ತಿದ್ದ. ಚ್ಯೂಲಾನ್ ಒಮ್ಮೆ ಕೇಳಿದಳು, "ಕಾಂಗ್‌ನ ಬಗ್ಗೆ ಯೋಚ್ನೆ ಮಾಡ್ತಿದೀಯಾ?"

"ಅವನು ನಾಯಿ. ನಾಯಿ ಕಚ್ತು," ಎಂದ. "ಮೇಸ್ತ್ರಿ ನಂಗೆ ಕೈ ಹಿಡಿದು ಬೆಸುಗೆ ಕಲಿಸಿದ್ದ ಕಣೆ. ಇದೇ ಕೈ."

ಗು ಮೇಸ್ತ್ರಿ ಒಬ್ಬನೇ ಬಾಯಿ ಬಿಡಬಹುದಾದವನು ಎಂದು ಚ್ಯೂಲಾನ್‌ಗೆ ಅನ್ನಿಸಿತ್ತು. ಅವನು ಕಾಂಗ್‌ನ ಕೆಲಸ ಬಿಟ್ಟಿದ್ದಾನೆ, ಬೆಳಿಗ್ಗೆ ಹೊತ್ತು ಮಾರುಕಟ್ಟೆಯ ಹಿಂದಿನ ಅಂಗಡಿಯಲ್ಲಿ ಆವಿಯಲ್ಲಿ ಬೇಯಿಸಿದ ಅಕ್ಕಿ ಸುರುಳಿ ತಿನ್ನುತ್ತ ಸುಮ್ಮನೆ ಕೂತಿರುತ್ತಾನೆ ಎಂಬ ಸುದ್ದಿ ತಂದವಳು ನಾನೇ. ಹೋಗಿ ಮಾತಾಡೋಣ ಎಂದು ನಾವಿಬ್ಬರೂ ಹೊರಟೆವು. ಹೈಫೆಂಗ್ ಆಸ್ಪತ್ರೆಯಿಂದ ಮನೆಗೆ ಬಂದು ಆಗಿನ್ನೂ ಕೆಲವೇ ದಿನವಾಗಿತ್ತು. ನಮ್ಮ ಮಾತು ಅವನ ಕಿವಿಗೆ ಬಿದ್ದಿತ್ತು. ನಾವು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವನು ಇರಲಿಲ್ಲ.

ನಾವು ತಲುಪಿದಾಗ ಅಂಗಡಿಯ ಮುಂದಿನ ಮೇಜುಗಳು ಉರುಳಿಬಿದ್ದಿದ್ದವು, ಜನ ದೂರ ನಿಂತಿದ್ದರು. ಗು ಮೇಸ್ತ್ರಿ ಸೋಯಾ ರಸ ಚೆಲ್ಲಿದ ನೆಲದ ಮೇಲೆ ಬಿದ್ದಿದ್ದ. ಹೈಫೆಂಗ್ ಕಬ್ಬಿಣದ ಸ್ಟೂಲನ್ನು ಒಂದೇ ಕೈಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದ. ದವಡೆಯ ಮೇಲೆ, ಭುಜದ ಮೇಲೆ, ಮತ್ತೆ ದವಡೆಯ ಮೇಲೆ. ಎಡಗೈಯ ಪಟ್ಟಿಯೆಲ್ಲ ರಕ್ತವಾಗಿತ್ತು. ಹೊಲಿಗೆ ಬಿಚ್ಚಿತ್ತು. ಗು ಮೇಸ್ತ್ರಿ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಒಮ್ಮೆ ಮಾತ್ರ "ಕಿವಿ" ಎಂದ. ಅವನ ಒಂದು ಕಿವಿ ಅರ್ಧ ಹರಿದು ನೇತಾಡುತ್ತಿತ್ತು.

"ಕಾಲು ತೆಗೀಬೇಕು ಅಂತ ಅನ್ನಿಸ್ಲಿಲ್ವಾ? ಹೇಳೋ! ಅನ್ನಿಸ್ಲಿಲ್ವಾ?" ಹೈಫೆಂಗ್ ಅರಚುತ್ತಿದ್ದ.

ಚ್ಯೂಲಾನ್ ನೇರ ನುಗ್ಗಿ ಮೇಸ್ತ್ರಿಯ ಮೇಲೆ ಬಿದ್ದು ಅಡ್ಡವಾದಳು. ಇಳಿಯುತ್ತಿದ್ದ ಸ್ಟೂಲು ಅವಳ ಬಾಯಿಗೆ ತಾಗಿತು. ಮುಂದಿನ ಹಲ್ಲುಗಳು ಮುರಿದ ಸದ್ದು ನಾನು ನಿಂತಲ್ಲಿಗೂ ಕೇಳಿಸಿತು. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು, ಮಾತಾಡಲು ಹೋದಳು, ಬರೀ ರಕ್ತ ಬಂತು. ಹೈಫೆಂಗ್ ಸ್ಟೂಲು ಬಿಟ್ಟ. ಅಲ್ಲೇ ಕುಸಿದು ಕೂತು ಅವಳ ಗದ್ದ ಹಿಡಿದುಕೊಳ್ಳಲು ಎರಡೂ ಕೈ ಚಾಚಿದ. ಅವಳು ಅವನ ಕೈಗಳನ್ನು ತಳ್ಳಿದಳು.

ಪೊಲೀಸರು ಅವನನ್ನು ಅಲ್ಲಿಂದಲೇ ಕರೆದೊಯ್ದರು. ಈ ಸಲ ಸಾಕ್ಷಿಗಳಿಗೆ ಕೊರತೆ ಇರಲಿಲ್ಲ. ಇಡೀ ಮಾರುಕಟ್ಟೆಯೇ ನೋಡಿತ್ತು.

ಗು ಮೇಸ್ತ್ರಿಯನ್ನು ನೋಡಲು ಚ್ಯೂಲಾನ್ ಆಸ್ಪತ್ರೆಗೆ ಹೋದಾಗ ಜೊತೆಗೆ ನಾನಿದ್ದೆ. ದವಡೆಗೆ ತಂತಿ ಬಿಗಿದಿದ್ದರು, ಹಲ್ಲುಗಳ ಸಂದಿಯಿಂದಲೇ ಮಾತಾಡಬೇಕಿತ್ತು. ಚ್ಯೂಲಾನ್‌ಳ ತುಟಿಯೂ ಊದಿಕೊಂಡಿತ್ತು. ಇಬ್ಬರ ಮಾತೂ ತೊದಲು. ಬೇರೆ ಯಾವ ಸಂದರ್ಭದಲ್ಲಾದರೂ ನಗು ಬರುತ್ತಿತ್ತು.

"ನಿನ್ನ ಕ್ಷಮಿಸೋಕೆ ಬಂದಿಲ್ಲ ಮೇಸ್ತ್ರಿ," ಎಂದಳು.

"ಗೊತ್ತು."

"ಯಾಕ್ ಒತ್ತಿದೆ?"

"ಒತ್ತು ಅಂದ, ಒತ್ತಿದೆ. ಹದಿನಾರನೇ ವಯಸ್ಸಿಂದ ಯಾರಾದ್ರೂ ಒತ್ತು ಅಂದ್ರೆ ಒತ್ತಿದೀನಮ್ಮ. ಬಿಡು ಅಂದ್ಮೇಲೇನೇ ಬಿಟ್ಟಿದೀನಿ. ಕಾಲು ನಂದು ಅಂತ ಆಗ ಅನ್ನಿಸ್ಲೇ ಇಲ್ಲ. ಆಮೇಲೆ ಅನ್ನಿಸ್ತು."

"ಅದನ್ನೇ ಕೋರ್ಟಲ್ಲಿ ಹೇಳ್ತೀಯಾ? ನಿಂಗೂ ಶಿಕ್ಷೆ ಆಗುತ್ತೆ. ನಾನು ಸುಳ್ಳು ಹೇಳಲ್ಲ, ಆಗೇ ಆಗುತ್ತೆ."

"ಅವತ್ತು ಬೆಳಿಗ್ಗೆ ಅಕ್ಕಿ ಸುರುಳಿ ತಿಂದು ಸ್ಟೇಷನ್‌ಗೇ ಹೋಗೋಣ ಅಂತಿದ್ದೆ," ಎಂದ ಗು ಮೇಸ್ತ್ರಿ. "ನಿನ್ ಗಂಡ ನಂಬಲ್ಲ. ನೀನೂ ನಂಬಬೇಡ. ನಿಜಾನೋ ಸುಳ್ಳೋ ನಂಗೇ ಗೊತ್ತಿಲ್ಲ. ಅದಕ್ಕೂ ಹಿಂದಿನ ದಿನಾನೂ ಹಾಗೇ ಅಂದ್ಕೊಂಡಿದ್ದೆ."

ಚ್ಯೂಲಾನ್ ಎದ್ದು ಬಂದಳು. ಹೊರಗೆ ಬಂದ ಮೇಲೆ ಕಾರಿಡಾರಿನ ಗೋಡೆಗೆ ಹಣೆ ಒತ್ತಿ ನಿಂತು ಸದ್ದಿಲ್ಲದೆ ಅತ್ತಳು. ಆ ದಿನದಿಂದ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಗು ಮೇಸ್ತ್ರಿ ಹೇಳಿದ. ದವಡೆಯ ತಂತಿ ಬಿಚ್ಚಿದ ಮೇಲೆ ಕೋರ್ಟಿನಲ್ಲಿ ನಿಂತು, ಪಂಪು ಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಕಾಂಗ್‌ನ ವಕೀಲ, ನೀನು ಯಾಕೆ ಕಾಲು ತೆಗೆಯಲಿಲ್ಲ ಎಂದು ಕೇಳಿದಾಗ, "ಅದಕ್ಕೇ ನಾನೂ ಇಲ್ಲಿ ನಿಂತಿರೋದು," ಎಂದ. ಬಾಡಿಗೆಯ ದಾಂಡಿಗರು ಆಮೇಲೆ ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಕಾಂಗ್ ದೀರ್ಘಕಾಲಕ್ಕೆ ಜೈಲಿಗೆ ಹೋದ, ಅವರೂ ಹೋದರು, ಗು ಮೇಸ್ತ್ರಿಯೂ ಹೋದ. ತನ್ನನ್ನು ಹೊಡೆದವನ ಮೇಲೆ ತನಗೆ ದೂರಿಲ್ಲ ಎಂದು ಅವನು ಹೇಳಿದ್ದರಿಂದ ಹೈಫೆಂಗ್‌ಗೆ ಕಡಿಮೆ ಶಿಕ್ಷೆಯಾಯಿತು.

ಜೈಲಿನಲ್ಲಿ ಗಾಜಿನ ಆಚೆ ಕೂತು ಹೈಫೆಂಗ್ ಫೋನ್ ಹಿಡಿದು ಮೊದಲು ಕೇಳಿದ್ದು, "ಮೇಸ್ತ್ರಿ ಹತ್ರ ಹೋಗಿ ಬೇಡ್ಕೊಂಡ್ಯಂತೆ?"

"ಹೌದು," ಎಂದಳು ಚ್ಯೂಲಾನ್.

ಅವನು ಫೋನ್ ಇಟ್ಟು ಎದ್ದು ಹೋದ. ಮುಂದಿನ ಸಲವೂ ಹೋದಳು. ಅವನು ಎದ್ದು ಹೋಗಲಿಲ್ಲ, ಫೋನನ್ನೂ ಎತ್ತಲಿಲ್ಲ. ಅದರ ಮುಂದಿನ ಸಲ ಅವಳ ಹೊಸ ಹಲ್ಲುಗಳನ್ನೇ ನೋಡುತ್ತ ಕೂತಿದ್ದು, "ನೋಯುತ್ತಾ?" ಎಂದ.

ಅಷ್ಟರಲ್ಲಿ ಎರಡು ಸುರುಳಿಯ ಉಪಕರಣ ಬೇರೆ ಯಾರೋ ಮಾಡಿ ಮಾರುಕಟ್ಟೆಗೆ ಬಿಟ್ಟಿದ್ದರು. ಕಾಂಗ್ ಬಳಿಯಿಂದ ಹೋದದ್ದೋ, ಯಾರಾದರೂ ತಾವಾಗಿಯೇ ಯೋಚಿಸಿದ್ದೋ, ತಿಳಿಯಲಿಲ್ಲ. ಚ್ಯೂಲಾನ್ ಒಂದನ್ನು ತಂದು ಬಿಚ್ಚಿ ನೋಡಿ, "ಹಿಂದಿನ ಸುರುಳಿ ತಪ್ಪಾಗಿ ಸುತ್ತಿದಾರೆ," ಎಂದಳು. ಮತ್ತೆ ಕೆಲಸಕ್ಕೆ ಕೂತಳು. ಆ ಹಳೆಯ ಯಂತ್ರವನ್ನು ಮಾತ್ರ ಗುಜರಿಗೆ ಹಾಕಿಸಿದ್ದಳು.

ಹೈಫೆಂಗ್ ಬಿಡುಗಡೆಯಾದ ಬೆಳಿಗ್ಗೆ ನಾವಿಬ್ಬರೂ ಹೋಗಿದ್ದೆವು. ಗೇಟಿನ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ತೆಳ್ಳಗಾಗಿದ್ದ. ಎಡಗೈ ಜೇಬಿನಲ್ಲಿತ್ತು. ಬಸ್ ನಿಲ್ದಾಣದ ಹತ್ತಿರ ನೂಡಲ್ ತಿಂದೆವು. ಅವನು ಎರಡು ಬಟ್ಟಲು ತಿಂದ.

"ಊರಿಗೆ ಹೋಗೋಣ," ಎಂದ. "ಮೀನಿನ ಕೆರೆ ನೋಡ್ಕೊಂಡ್ ಇರೋಣ. ಇನ್ನೊಂದು ಸಲ ಆ ಗುಂಯ್ ಸದ್ದು ಕೇಳಿದ್ರೆ ನಾನು ಸತ್ತೋಗ್ತೀನಿ."

"ನಾನು ಬರಲ್ಲ."

"ನಿಂಗೆ ನನಗಿಂತ ತಂತಿ ಹೆಚ್ಚಾಯ್ತಾ?"

"ನನ್ ಕೆಲ್ಸ ಅದು. ಅವನು ನನ್ ಎದುರಿಗೇ ನಿನ್ ಕೈ ಸುಟ್ಟ, ನನ್ ಹಲ್ಲು ನೀನು ಉದುರಿಸ್ದೆ. ಕೆಲ್ಸಾನೂ ಬಿಟ್ಬಿಡ್ಬೇಕಾ ಈಗ?"

ಅವನು ಮೇಜು ಗುದ್ದಿದ. ಬಟ್ಟಲುಗಳು ನೆಗೆದವು. ಅಂಗಡಿಯವಳು ತಿರುಗಿ ನೋಡಿದಳು. ಚ್ಯೂಲಾನ್ ಒಂದು ಕ್ಷಣ ಹಿಂದಕ್ಕೆ ಸರಿದಳು. ಅವಳು ಸರಿದದ್ದನ್ನು ಅವನು ನೋಡಿದ. ಗುದ್ದಿದ ಕೈಯನ್ನು ಮೇಜಿನ ಕೆಳಗೆ ಇಳಿಸಿ ತೊಡೆಯಡಿ ಒತ್ತಿಕೊಂಡು ಕೂತ.

"ಇನ್ನು ಹೊಡೆಯಲ್ಲ," ಎಂದ.

"ಹೊಡೆದ್ರೆ ಹೋಗ್ತೀನಿ. ಮತ್ತೆ ಬರಲ್ಲ."

"ಗೊತ್ತು."

ಶಾಜಿಂಗ್ ಕಡೆಯ ಬಸ್ಸು ಬಂತು. ಅವಳು ತಿರುಗಿ ನೋಡದೆ ಹೋಗಿ ಹತ್ತಿದಳು, ಅವಳ ಬೆನ್ನಿಗೇ ನಾನೂ. ಹೈಫೆಂಗ್ ಅಲ್ಲೇ ನಿಂತು ಅವಳನ್ನು ಬಾಯಿಗೆ ಬಂದಂತೆ ಬೈದ. ಕಂಡಕ್ಟರು, "ಹತ್ತೀರೋ ಇಲ್ವೋ ಅಣ್ಣಾ?" ಎಂದು ಗದರಿದ ಮೇಲೆ ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕೂತ.